ಒಂದೇ ಅಂಗೈಯ ಪಿಚರ್

ಅಮೆರಿಕದ ಬೇಸ್‌ಬಾಲ್ ಪಿಚರ್ ಜಿಮ್ ಅಬಟ್ ಅವರಿಗೆ ಹುಟ್ಟಿನಿಂದಲೇ ಬಲ ಅಂಗೈ ಇಲ್ಲ. 1967ರಲ್ಲಿ ಮಿಷಿಗನ್‌ನ ಫ್ಲಿಂಟ್‌ನಲ್ಲಿ ಜನಿಸಿದ ಅವರು ಎಡಗೈಯಲ್ಲಿ ಚೆಂಡೆಸೆಯುವಾಗ ಗ್ಲೌಸ್ ಬಲತೋಳಿನ ತುದಿಯಲ್ಲಿ ಕೂತಿರುತ್ತಿತ್ತು. ಚೆಂಡು ಬಿಟ್ಟ ಮರುಕ್ಷಣ ಎಡಗೈ ಗ್ಲೌಸಿನೊಳಗೆ! ಚೆಂಡು ತಮ್ಮತ್ತಲೇ ಬಂದರೆ ಹಿಡಿದು, ಗ್ಲೌಸನ್ನು ಬಲ ಕಂಕುಳಿಗೆ ಸಿಕ್ಕಿಸಿ, ಚೆಂಡನ್ನು ಹೊರಗೆಳೆದು ಎಸೆಯುತ್ತಿದ್ದರು. ನೋಡುವವರಿಗೆ ಅದೊಂದು ಕಣ್ಕಟ್ಟು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್ ಬರೀ ಪ್ರದರ್ಶನ ಕ್ರೀಡೆ. ಫೈನಲ್‌ನಲ್ಲಿ ಜಪಾನ್ ತಂಡವನ್ನು ಮಣಿಸಿದ ಪಿಚರ್ ಇವರೇ. ಮರುವರ್ಷ, ಕಿರಿಯ ಲೀಗ್‌ಗಳ ಮೆಟ್ಟಿಲು ಹತ್ತದೆಯೇ, ಮೇಜರ್ ಲೀಗ್‌ನ ಕ್ಯಾಲಿಫೋರ್ನಿಯಾ ಏಂಜಲ್ಸ್ ಸೇರಿದರು. 1993ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್ ಯಾಂಕೀಸ್ ಪರ ಆಡುತ್ತಾ, ಕ್ಲೀವ್‌ಲ್ಯಾಂಡ್ ತಂಡಕ್ಕೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದರು. 1999ರಲ್ಲಿ ನಿವೃತ್ತರಾದಾಗ ಲೆಕ್ಕದಲ್ಲಿದ್ದದ್ದು 87 ಗೆಲುವು, 108 ಸೋಲು. ಆ ಕೊನೆಯ ವರ್ಷ ಬ್ಯಾಟನ್ನೂ ಹಿಡಿದು ಎರಡು ಹಿಟ್ ಗಳಿಸಿದ್ದರು.