ಮೋಡದ ಫೋಟೊದಲ್ಲಿ ನೀವೆಲ್ಲಿ?

ಲೆನ್ಸ್ ದುಬಾರಿ, ಫೋಟೊ ಶಾರ್ಪ್. ಆದರೂ ಅದನ್ನು ಬೇರೆ ಯಾರಾದರೂ ತೆಗೆಯಬಹುದಿತ್ತು ಅನ್ನಿಸುತ್ತಾ? ಹಾಗಾದರೆ ಅದರಲ್ಲಿ ನಿಮ್ಮ ಒಳಗಿನ ಭಾವ ಇನ್ನೂ ಇಳಿದಿಲ್ಲ.

1922ರಲ್ಲಿ ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಆಕಾಶದತ್ತ ಕ್ಯಾಮೆರಾ ಎತ್ತಿ ಮೋಡಗಳ ಬೆನ್ನು ಹತ್ತಿದರು. ಒಳಗಿನ ಭಾವಕ್ಕೆ ಸಾಟಿಯಾದ ಚಿತ್ರಗಳೆಂದು ಮುಂದೆ ಅವಕ್ಕೆ ‘ಈಕ್ವಿವಲೆಂಟ್ಸ್’ ಅಂತ ಹೆಸರಿಟ್ಟರು. ಇದನ್ನೇ ಪಾಠವಾಗಿಸಿದವರು ಅಲ್ಲಿನದೇ ಛಾಯಾಗ್ರಾಹಕ ಮೈನರ್ ವೈಟ್. ಅವರ ಕಾರ್ಯಾಗಾರಗಳಲ್ಲಿ ಧ್ಯಾನವೂ ಇತ್ತು. ಕಣ್ಣು ಮುಚ್ಚಿ, ಮೈ ಸಡಿಲ ಬಿಟ್ಟು, ಆಮೇಲೆ ಒಂದೇ ಪ್ರಿಂಟನ್ನು ಬಹಳ ಹೊತ್ತು ನೋಡಬೇಕು. ರೀಲ್ ತಳ್ಳೋ ನಮ್ಮ ಹೆಬ್ಬೆರಳಿಗೆ ಅದೇ ದೊಡ್ಡ ಶಿಕ್ಷೆ ಬಿಡಿ!

ಕಾರ್ಯಾಗಾರ ನೋಡೋದನ್ನು ಕಲಿಸುತ್ತೆ. ಸಮಯ ಕೊಡೋದು ರೆಸಿಡೆನ್ಸಿ, ಅಂದರೆ ಕಲಾವಿದರು ಒಂದಷ್ಟು ಕಾಲ ಉಳಿದು ತಮ್ಮ ಕೆಲಸ ಮಾಡೋ ಅವಕಾಶ. ಅಮೆರಿಕದ ಸಿರಾಕ್ಯೂಸ್‌ನಲ್ಲಿ 1973ರಲ್ಲಿ ಶುರುವಾದ ‘ಲೈಟ್ ವರ್ಕ್’ ಸಂಸ್ಥೆ ಆಯ್ಕೆಯಾದವರಿಗೆ ಒಂದು ತಿಂಗಳ ಮಟ್ಟಿಗೆ ಮನೆ, ಖರ್ಚಿಗೆ ಹಣ, ಡಾರ್ಕ್‌ರೂಂ, ಡಿಜಿಟಲ್ ಲ್ಯಾಬ್ ಎಲ್ಲ ಕೊಡುತ್ತೆ. ಉಪನ್ಯಾಸ ಮಾಡಲೇಬೇಕು ಅನ್ನೋ ಕಟ್ಟುಪಾಡಿಲ್ಲ. ನನ್ನ ಪ್ರಕಾರ ಅದೇ ಅದರ ಗಟ್ಟಿತನ. ಬೆಂಗಳೂರಲ್ಲೂ ‘ವನ್ ಶಾಂತಿರೋಡ್’ ಕಲಾವಿದರಿಗೆ ರೆಸಿಡೆನ್ಸಿ ನಡೆಸುತ್ತೆ.

ಅರ್ಜಿ ಹಾಕ್ತೀರಾ? ಲೈಕ್ ಬಂದ ಫೋಟೊಗಳನ್ನೆಲ್ಲ ಕಲಸುಮೇಲೋಗರ ಮಾಡಿ ಕಳಿಸಬೇಡಿ. ಒಂದೇ ಎಳೆ ಹಿಡಿದ ಸರಣಿ ಕಳಿಸಿ, ಅರ್ಧಕ್ಕೆ ನಿಂತಿದ್ದರೂ ಸರಿ. ಅದನ್ನು ಮುಗಿಸೋಕೆ ಆ ಜಾಗವೇ ಯಾಕೆ ಬೇಕು ಅಂತ ನೇರವಾಗಿ ಬರೆಯಿರಿ.