ಚಿಟ್ಟಿಯಪ್ಪನಿಂದ ಕುಲಶೇಖರನವರೆಗೆ

ಬಾಂಗ್ರ ರಾಜ್ಯದ ಅರಮನೆಯಲ್ಲಿ ಕುಡಿದು ತೂರಾಡುವ, ಕಿರೀಟ ತಲೆಗೇರಿದರೂ ರಾಜನಾಗಲು ಬಾರದ ಕುಲಶೇಖರನನ್ನು ‘ಕಾಂತಾರ: ಅಧ್ಯಾಯ 1’ ಕನ್ನಡಿಗರ ಮುಂದೆ ತಂದು ನಿಲ್ಲಿಸಿತು. 2025ರ ಅಕ್ಟೋಬರ್ 2ರಂದು ಚಿತ್ರ ತೆರೆಕಂಡ ಮೇಲೆ, ಆ ಪಾತ್ರ ಮಾಡಿದವರು ಯಾರು, ಎಲ್ಲಿಯವರು ಎಂದು ನನ್ನ ಬಳಿ ವಿಚಾರಿಸಿದವರು ಹಲವರು. ಹೆಸರು ಗುಲ್ಶನ್ ದೇವಯ್ಯ. ಕೊಡವ ಮನೆತನದವರು, ಹುಟ್ಟಿದ್ದು ಬೆಂಗಳೂರಿನಲ್ಲಿ, 1978ರ ಮೇ 28ರಂದು. ಕನ್ನಡದಲ್ಲಿ ಅವರಿಗೆ ಇದು ಮೊದಲ ಚಿತ್ರ. ಹಿಂದಿಯಲ್ಲಿ ಅಷ್ಟು ಹೊತ್ತಿಗಾಗಲೇ ಸುಮಾರು ಹದಿನೈದು ವರ್ಷಗಳ ದುಡಿಮೆ. ನಮ್ಮವರೊಬ್ಬರು ಇಷ್ಟು ಕಾಲ, ಇಷ್ಟು ಚೆನ್ನಾಗಿ ನಟಿಸುತ್ತಿದ್ದರೂ ಕನ್ನಡ ಚಿತ್ರರಂಗ ಅವರನ್ನು ಕರೆಯಲೇ ಇಲ್ಲವಲ್ಲ ಎಂಬ ಬೇಸರ ನನಗಿದೆ. ಈ ಪರಿಚಯ ಬರೆಯಲು ಆ ಬೇಸರವೂ ಒಂದು ಕಾರಣ.

ಕೊಡಗು ಎಂದ ಕೂಡಲೇ ಹೊರಗಿನವರ ನೆನಪಿಗೆ ಬರುವುದು ಸೈನ್ಯ, ಹಾಕಿ, ಕಾಫಿ. ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಒಕ್ಕಕ್ಕೊಂದು, ಅಂದರೆ ಮನೆತನಕ್ಕೊಂದು, ತಂಡ ಬರುತ್ತದೆ. ಸಿನಿಮಾ ಎಂದರೆ ಹೆಣ್ಣುಮಕ್ಕಳ ಹೆಸರುಗಳೇ ಸಾಲಾಗಿ ಬರುತ್ತವೆ: ಪ್ರೇಮಾ, ಡೈಸಿ ಬೋಪಣ್ಣ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ, ವಿರಾಜಪೇಟೆಯ ರಶ್ಮಿಕಾ ಮಂದಣ್ಣ. ಗಂಡಸರನ್ನು ಹೆಸರಿಸಿ ಎಂದರೆ ಸ್ವಲ್ಪ ಯೋಚಿಸಬೇಕು.

ಹಾಗೆಂದು ತೆರೆಯ ಮೇಲೆ ಕೊಡವ ಗಂಡಸು ಇಲ್ಲವೆಂದಲ್ಲ. ಅವನನ್ನು ಬೇರೆಯವರು ಅಭಿನಯಿಸಿದರು, ಅದೂ ದೊಡ್ಡವರು. ಭಾರತೀಸುತರ ಕಾದಂಬರಿ ಆಧರಿಸಿದ ‘ಹುಲಿಯ ಹಾಲಿನ ಮೇವು’ 1979ರಲ್ಲಿ ತೆರೆಗೆ ಬಂದಾಗ ಚೆಂಗುಮಣಿಯಾಗಿ ಕೊಡವರ ಉಡುಪಾದ ಕುಪ್ಯ ತೊಟ್ಟವರು ಡಾ. ರಾಜ್‌ಕುಮಾರ್. 1990ರ ‘ಮುತ್ತಿನ ಹಾರ’ದಲ್ಲಿ ಮಡಿಕೇರಿಯ ಸಿಪಾಯಿ ಅಚ್ಚಪ್ಪನಾದವರು ವಿಷ್ಣುವರ್ಧನ್. 2006ರ ‘ಮುಂಗಾರು ಮಳೆ’ಯಲ್ಲಿ ಬಂದೂಕು ಹಿಡಿದು ಮನೆ ಕಾಯುವ ಕರ್ನಲ್ ಸುಬ್ಬಯ್ಯ ಅನಂತ್ ನಾಗ್. ಮೂವರನ್ನೂ ನಾನು ಮೆಚ್ಚಿ ನೋಡಿದ್ದೇನೆ. ಆದರೆ ಬೇಟೆ, ಬಂದೂಕು, ಯುದ್ಧ ಬಿಟ್ಟರೆ ಕೊಡವನಿಗೆ ಬೇರೆ ಬದುಕೇ ಇಲ್ಲವೇನೋ ಎನ್ನುವಂತೆ ಈ ಪಾತ್ರಗಳು ಒಂದೇ ದಾರಿಯಲ್ಲಿ ನಡೆದವು.

ನಾಟಕದ ಸಂಸ್ಕಾರ ಕೊಡಗಿಗೆ ಹೊಸದೇನಲ್ಲ. ಕಿರುಂದಾಡು ಗ್ರಾಮದಲ್ಲಿ 1868ರಲ್ಲಿ ಹುಟ್ಟಿದ ಅಪ್ಪನೆರವಂಡ ಹರಿದಾಸ ಅಪ್ಪಚ್ಚ ಕವಿ 1906ರಲ್ಲೇ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಯಯಾತಿ ರಾಜನ ನಾಟಕ ಬರೆದರು. ಆಮೇಲೆ ಸಾವಿತ್ರಿ, ಸುಬ್ರಹ್ಮಣ್ಯ, ಕೊನೆಗೆ 1918ರಲ್ಲಿ ಕಾವೇರಿ. ನಾಲ್ಕೇ ನಾಟಕ. ಅಷ್ಟರಿಂದಲೇ ಜನ ಅವರನ್ನು ಕೊಡಗಿನ ಕಾಳಿದಾಸ ಎಂದು ಕರೆದರು. ಮೊದಲ ಕೊಡವ ಚಲನಚಿತ್ರ ‘ನಾಡ್ ಮಣ್ಣ್ ನಾಡ್ ಕೂಳ್’ ಬರಲು 1972ರವರೆಗೆ ಕಾಯಬೇಕಾಯಿತು. 2011ರ ಜನಗಣತಿಯಲ್ಲಿ ಕೊಡವ ಮಾತೃಭಾಷೆಯೆಂದು ಬರೆಸಿದವರು ಸುಮಾರು 1 ಲಕ್ಷ 13 ಸಾವಿರ. ಇಷ್ಟು ಪ್ರೇಕ್ಷಕರನ್ನು ನಂಬಿ ನಟನೊಬ್ಬ ಸಂಸಾರ ನಡೆಸಲಾರ. ನಟನೆಯನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕೆಂದರೆ ಬೇರೆ ಭಾಷೆಗೆ ಹೋಗಲೇಬೇಕು.

ಗುಲ್ಶನ್ ಆ ದಾರಿಗೂ ನೇರವಾಗಿ ಬಂದವರಲ್ಲ. ನಿಫ್ಟ್‌ನಲ್ಲಿ ಫ್ಯಾಷನ್ ಓದಿದರು, ಆ ಉದ್ಯಮದಲ್ಲಿ ದುಡಿದರು, ಬೆಂಗಳೂರಿನ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿದರು. ಜೊತೆಜೊತೆಗೆ ಬೆಂಗಳೂರಿನ ಇಂಗ್ಲಿಷ್ ರಂಗಭೂಮಿಯಲ್ಲಿ ನಟಿಸುತ್ತಿದ್ದರು. ಈ ರಂಗಭೂಮಿಯ ಬಗ್ಗೆ ಕನ್ನಡದವರಾದ ನಮಗೆ ಸ್ವಲ್ಪ ಅಸಡ್ಡೆಯಿದೆ, ಹಣವಂತರ ಹವ್ಯಾಸವೆಂದು ಬದಿಗೆ ಸರಿಸುತ್ತೇವೆ. ಆದರೆ ಹಗಲು ಕೆಲಸ ಮುಗಿಸಿ ರಾತ್ರಿ ತಾಲೀಮಿಗೆ ಕೂಡುವುದು, ವಾರಾಂತ್ಯದ ಎರಡು ಪ್ರದರ್ಶನಕ್ಕಾಗಿ ತಿಂಗಳುಗಟ್ಟಲೆ ಬೆವರು ಸುರಿಸುವುದು ಯಾವ ಭಾಷೆಯ ಹವ್ಯಾಸಿ ತಂಡದಲ್ಲೂ ಒಂದೇ. ಇವತ್ತು ಮುದುಕ, ನಾಳೆ ಕಳ್ಳ, ಮುಂದಿನ ತಿಂಗಳು ಪ್ರೇಮಿ. ಹವ್ಯಾಸಿ ನಟನನ್ನು ಯಾರೂ ಒಂದು ಪಾತ್ರಕ್ಕೆ ಕಟ್ಟಿಹಾಕುವುದಿಲ್ಲ. ಗುಲ್ಶನ್ ಅವರ ಮುಂದಿನ ಕೆಲಸವನ್ನೆಲ್ಲ ನೋಡಿದಾಗ, ಆ ಸ್ವಾತಂತ್ರ್ಯದ ರುಚಿಯನ್ನು ಅವರು ಎಂದೂ ಬಿಟ್ಟುಕೊಡಲಿಲ್ಲ ಎಂದು ನನಗನ್ನಿಸುತ್ತದೆ. ಫ್ಯಾಷನ್ ಕಲಿತದ್ದೂ ವ್ಯರ್ಥವಾಗಲಿಲ್ಲ. ಮೀಸೆ, ಕೂದಲು, ಅಂಗಿಯ ಹೊಲಿಗೆ ಪಾತ್ರದ ಬಗ್ಗೆ ಏನು ಹೇಳುತ್ತವೆಂದು ಇಷ್ಟು ಚೆನ್ನಾಗಿ ಬಲ್ಲ ನಟರು ಕಡಿಮೆ.

ಮುಂಬೈಗೆ ಹೋದ ಅವರಿಗೆ ಅನುರಾಗ್ ಕಶ್ಯಪ್ ಕೊಟ್ಟದ್ದು ‘ದಟ್ ಗರ್ಲ್ ಇನ್ ಯೆಲ್ಲೋ ಬೂಟ್ಸ್’ ಚಿತ್ರದ ಚಿಟ್ಟಿಯಪ್ಪ ಗೌಡನ ಪಾತ್ರ. 2010ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ಈ ಚಿತ್ರ ಭಾರತದಲ್ಲಿ ಬಿಡುಗಡೆಯಾದದ್ದು ಮರುವರ್ಷ. ಮುಂಬೈಯ ಕತ್ತಲ ಕೋಣೆಯೊಂದಕ್ಕೆ ನುಗ್ಗಿ ಕಲ್ಕಿ ಕೇಕ್ಲಾ ಅವರ ಪಾತ್ರವನ್ನು ಬೆದರಿಸುವ ಈ ಪುಂಡ ಕನ್ನಡಿಗ. ಕೊಡಗಿನಲ್ಲಿ ಮನೆಮನೆಯಲ್ಲೂ ಕೇಳುವ ಹೆಸರು ಹೊತ್ತು ಅವರು ಹಿಂದಿ ಚಿತ್ರರಂಗಕ್ಕೆ ಕಾಲಿಟ್ಟರು. ಭಯಪಡಿಸುತ್ತಲೇ ನಗಿಸುವ, ನಗಿಸುತ್ತಲೇ ಮತ್ತೆ ಭಯಪಡಿಸುವ ಕೌಶಲ ಆ ಚಿಕ್ಕ ಪಾತ್ರದಲ್ಲೇ ಇತ್ತು.

2011ರಲ್ಲಿ ‘ದಮ್ ಮಾರೋ ದಮ್’, ಅದರ ಹಿಂದೆಯೇ ಬಿಜೋಯ್ ನಂಬಿಯಾರ್ ಅವರ ‘ಶೈತಾನ್’. ಅದರಲ್ಲಿ ಅವರು ದುಡ್ಡಿನ ಮದವೇರಿದ ಕೆ.ಸಿ. 2012ರ ‘ಹೇಟ್ ಸ್ಟೋರಿ’ಯಲ್ಲಿ ಸೇಡಿನ ಉದ್ಯಮಿ, 2013ರಲ್ಲಿ ಸಂಜಯ್ ಲೀಲಾ ಬನ್ಸಾಲಿಯವರ ‘ರಾಮ್‌ಲೀಲಾ’ದಲ್ಲಿ ಭವಾನಿ. ಎಲ್ಲ ಕೆಟ್ಟವರೇ. ಇಲ್ಲಿಗೆ ನಿಂತಿದ್ದರೆ ಹಿಂದಿಗೆ ಇನ್ನೊಬ್ಬ ಖಳನಟ ಸಿಕ್ಕಿದಂತಾಗುತ್ತಿತ್ತು, ಅಷ್ಟೇ.

2015ರ ‘ಹಂಟರ್’ ಆ ಲೆಕ್ಕವನ್ನು ಕೆಡಿಸಿತು. ಹರ್ಷವರ್ಧನ್ ಕುಲಕರ್ಣಿ ನಿರ್ದೇಶಿಸಿದ ಈ ಚಿತ್ರದಲ್ಲಿ ಅವರು ಮಂದಾರ್ ಪೋಂಕ್ಷೆ ಎಂಬ ಮರಾಠಿ ಮಧ್ಯಮವರ್ಗದ ಗಂಡಸು. ಹೆಣ್ಣಿನ ಗೀಳು ಬಿಡಲಾರ, ಮದುವೆಯ ವಯಸ್ಸು ಮೀರುತ್ತಿರುವ ಅಳುಕೂ ಇದೆ. ಅಶ್ಲೀಲಕ್ಕೆ ಜಾರಬಹುದಾಗಿದ್ದ ಪಾತ್ರವನ್ನು ಅವರ ನಾಚಿಕೆ ತಡೆಯುತ್ತದೆ. ಕೊಂಕಣಾ ಸೇನ್ ಶರ್ಮಾ ನಿರ್ದೇಶನದ ‘ಎ ಡೆತ್ ಇನ್ ದ ಗಂಜ್’ನಲ್ಲಿ ಅವರು ಮಾಡಿದ ನಂದುವಿನದು ಇನ್ನೂ ಸೂಕ್ಷ್ಮ ಕೆಲಸ. ಮನೆಯಲ್ಲಿ ಒಬ್ಬ ಹುಡುಗ ಒಳಗೊಳಗೇ ಕುಸಿಯುತ್ತಿರುವುದು ಕಣ್ಣೆದುರಿಗಿದ್ದರೂ ಕಾಣದ, ಕೆಟ್ಟವನೂ ಅಲ್ಲದ ಅಣ್ಣ. ಇಂಥ ಅಣ್ಣಂದಿರು ನಮ್ಮ ಪ್ರತಿ ಕುಟುಂಬದಲ್ಲೂ ಇದ್ದಾರೆ.

ವಾಸನ್ ಬಾಲಾ ಅವರ ‘ಮರ್ದ್ ಕೋ ದರ್ದ್ ನಹೀ ಹೋತಾ’ ಚಿತ್ರ 2018ರ ಟೊರಾಂಟೊ ಚಿತ್ರೋತ್ಸವದ ಮಿಡ್‌ನೈಟ್ ಮ್ಯಾಡ್‌ನೆಸ್ ವಿಭಾಗದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಗೆದ್ದಿತು. ಇದರಲ್ಲಿ ಗುಲ್ಶನ್ ಅವರದು ದ್ವಿಪಾತ್ರ. ಒಂದು ಕಾಲು ಕಳೆದುಕೊಂಡ ಕರಾಟೆ ಗುರು ಮಣಿ, ಅವನಿಗೆ ವೈರಿಯಾದ ಅವಳಿ ಸೋದರ ಜಿಮ್ಮಿ. ದ್ವಿಪಾತ್ರವೆಂದರೆ ನಮ್ಮಲ್ಲಿ ಒಬ್ಬನಿಗೆ ಮೀಸೆ, ಇನ್ನೊಬ್ಬನಿಗೆ ಕನ್ನಡಕ ಹಾಕಿ ಮುಗಿಸುವ ರೂಢಿ. ಇಲ್ಲಿ ವ್ಯತ್ಯಾಸವೆಲ್ಲ ಉಸಿರಿನಲ್ಲಿದೆ. ಮಣಿ ಉಸಿರನ್ನು ಒಳಗೇ ಹಿಡಿದಿಟ್ಟು ಮಾತಾಡುತ್ತಾನೆ. ಕುಡಿತವೂ ಸೋಲೂ ಅವನ ಭುಜದಲ್ಲಿ ಕುಳಿತಿವೆ. ಜಿಮ್ಮಿಗೆ ಉಸಿರು ಹೊರಗೇ. ಮಾತು, ಕುಣಿತ, ಕ್ರೌರ್ಯ ಯಾವುದಕ್ಕೂ ತಡೆಯಿಲ್ಲ. ರಂಗದ ಮೇಲೆ ಹಿಂದಿನ ಸಾಲಿನವನಿಗೂ ಕಾಣುವಂತೆ ಮೈಯನ್ನು ದುಡಿಸಿದ ನಟ ಮಾತ್ರ ಇದನ್ನು ಮಾಡಬಲ್ಲ. ಹಿಂದಿಯ ಪ್ರೇಕ್ಷಕರು ಆ ಚಿತ್ರವನ್ನು ಥಿಯೇಟರ್‌ನಲ್ಲಿ ಹೆಚ್ಚು ನೋಡಲಿಲ್ಲ, ನಷ್ಟ ಅವರದೇ.

ಇಷ್ಟಾದರೂ ಅವರ ಅತ್ಯುತ್ತಮ ಕೆಲಸ ಯಾವುದೆಂದು ಕೇಳಿದರೆ ನಾನು ‘ದಹಾಡ್’ ಸರಣಿಯನ್ನೇ ಹೇಳುತ್ತೇನೆ. ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ರೂಪಿಸಿದ, 2023ರ ಬರ್ಲಿನ್ ಚಿತ್ರೋತ್ಸವದಲ್ಲಿ ತೋರಿಸಿದ ಈ ಸರಣಿ ನಡೆಯುವುದು ರಾಜಸ್ಥಾನದ ಮಂಡಾವಾದಲ್ಲಿ. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾರೆ. ತನಿಖೆ ಮಾಡುವವಳು ಸೋನಾಕ್ಷಿ ಸಿನ್ಹಾ ಅಭಿನಯದ ಅಂಜಲಿ ಭಾಟಿ. ಜಾತಿಯ ಕಾರಣಕ್ಕೆ ಮತ್ತೆ ಮತ್ತೆ ಅವಮಾನ ನುಂಗಬೇಕಾದವಳು. ಕೊಲೆಗಾರನಾಗಿ ವಿಜಯ್ ವರ್ಮಾ. ಕಥೆಯ ಬೆಳಕೆಲ್ಲ ಇವರಿಬ್ಬರ ಮೇಲೆ. ಇವರ ನಡುವೆ ಠಾಣೆಯ ಮುಖ್ಯಸ್ಥ ದೇವಿಲಾಲ್ ಸಿಂಗ್ ಆಗಿ ಗುಲ್ಶನ್.

ದೇವಿಲಾಲ್ ಕೂಗಾಡುವುದಿಲ್ಲ. ಬೈಕ್ ಹಾರಿಸುವುದಿಲ್ಲ. ಮೇಲಿನವರ ಒತ್ತಡ ತಡೆದುಕೊಳ್ಳುತ್ತಾನೆ, ಕೆಳಗಿನವಳ ಸಾಮರ್ಥ್ಯ ಗುರುತಿಸಿ ದಾರಿ ಬಿಡುತ್ತಾನೆ. ಮನೆಯಲ್ಲಿ ಮಗಳು ಓದಿ ಮುಂದೆ ಬರಲೆಂದು ಅವನಿಗಾಸೆ, ಹೆಂಡತಿಗೆ ಅವಳ ಮದುವೆಯ ಚಿಂತೆ. ಅಂಜಲಿಯ ಬಗ್ಗೆ ಅವನಲ್ಲಿ ಏನೋ ಒಂದು ಮಮತೆ ಹುಟ್ಟುತ್ತದೆ. ಅದನ್ನು ಅವನು ಹೇಳುವುದಿಲ್ಲ, ಹೇಳುವಂಥದ್ದಲ್ಲವೆಂದೂ ಬಲ್ಲ. ಹೇಳದೆ ಉಳಿದದ್ದನ್ನು ಗುಲ್ಶನ್ ಕಣ್ಣಿನಲ್ಲಿ ತೋರಿಸಿ ಹಿಂದಕ್ಕೆ ತೆಗೆದುಕೊಳ್ಳುವ ರೀತಿ ನನ್ನ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ಒಳ್ಳೆಯ ಗಂಡಸಿನ ಪಾತ್ರ ಬರೆಯುವುದು ಕಷ್ಟ, ಅದನ್ನು ಬೋಧನೆಯಾಗದಂತೆ ಅಭಿನಯಿಸುವುದು ಇನ್ನೂ ಕಷ್ಟ.

ಅದೇ ವರ್ಷ ಬಂದ ‘ಗನ್ಸ್ ಅಂಡ್ ಗುಲಾಬ್ಸ್’ನಲ್ಲಿ ಅವರೇ ತೊಂಬತ್ತರ ದಶಕದ ಉದ್ದ ಕೂದಲಿನ ಬಾಡಿಗೆ ಹಂತಕ ಆತ್ಮಾರಾಮ್. ಚೂರಿಯಿಂದ ನಾಲ್ಕು ಗೀಟು ಎಳೆದು ಕೊಲ್ಲುವವನು. ಮಲ್ಲಾದಿ ವೆಂಕಟ ಕೃಷ್ಣಮೂರ್ತಿಯವರ ತೆಲುಗು ಕಾದಂಬರಿ ಆಧರಿಸಿದ ‘8 ಎ.ಎಂ. ಮೆಟ್ರೊ’ದಲ್ಲಿ, ಹೈದರಾಬಾದಿನ ಮೆಟ್ರೊ ರೈಲಿನಲ್ಲಿ ಅಪರಿಚಿತ ಗೃಹಿಣಿಯ ಅಂಜಿಕೆಗೆ ಕಿವಿಯಾಗುವ ಸೌಮ್ಯ ಸಹಪ್ರಯಾಣಿಕ. 2023ರ ಒಂದೇ ವರ್ಷದಲ್ಲಿ ಪೊಲೀಸ್, ಹಂತಕ, ಗೆಳೆಯ. ಮೂವರಲ್ಲಿ ಒಬ್ಬನನ್ನು ನೋಡಿದವರಿಗೆ ಇನ್ನೊಬ್ಬನ ಗುರುತು ಸಿಗುವುದಿಲ್ಲ. ತಾರೆಯಾಗಲು ಇದು ಅನುಕೂಲವಲ್ಲ. ಪ್ರೇಕ್ಷಕರಿಗೆ ಒಂದೇ ಮುಖದ ಪರಿಚಯವಾದರೆ ಮಾರುಕಟ್ಟೆ ಬೆಳೆಯುತ್ತದೆ. ಗುಲ್ಶನ್ ಆ ಬೆಲೆಯನ್ನು ತೆತ್ತಿದ್ದಾರೆ.

‘ಕಾಂತಾರ’ದ ನಿರ್ದೇಶಕ ರಿಷಬ್ ಶೆಟ್ಟಿ ಇಂಥವರನ್ನು ಕುಲಶೇಖರನಿಗೆ ಆರಿಸಿದ್ದು ಜಾಣ ಆಯ್ಕೆ. ಜಯರಾಮ್ ಅಭಿನಯದ ತಂದೆ ರಾಜಶೇಖರ, ರುಕ್ಮಿಣಿ ವಸಂತ್ ಅಭಿನಯದ ತಂಗಿ ಕನಕವತಿ, ಇಬ್ಬರೂ ಅವನಿಗಿಂತ ಚತುರರು. ಅದು ಅವನಿಗೂ ಗೊತ್ತು. ಗೊತ್ತಿರುವುದರಿಂದಲೇ ಅವನ ಕ್ರೌರ್ಯ. ದೈವ, ಕಾಡು, ಬೆಂಕಿಯ ಅಬ್ಬರದ ನಡುವೆ ಈ ಕೀಳರಿಮೆ ಕಳೆದುಹೋಗದಂತೆ ಅವರು ಹಿಡಿದಿಟ್ಟರು. ಪಾತ್ರಕ್ಕೆ ಇನ್ನಷ್ಟು ಜಾಗ ಸಿಗಬೇಕಿತ್ತು ಎಂಬುದು ನನ್ನ ತಕರಾರು.

ಇನ್ನು ಮುಂದೆ ಕನ್ನಡದ ಬರಹಗಾರರು ಅವರಿಗಾಗಿ ಪಾತ್ರಗಳನ್ನು ಬರೆಯಬೇಕು. ಅದರಲ್ಲಿ ಒಂದಾದರೂ ಕೊಡವನ ಪಾತ್ರವಿರಲಿ. ಕರ್ನಲ್ ಬೇಡ, ಬೇಟೆಗಾರ ಬೇಡ. ಗೋಣಿಕೊಪ್ಪದ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಕಾಳುಮೆಣಸಿನ ಬೆಲೆ ಕುಸಿದದ್ದಕ್ಕೆ ನಿದ್ದೆಗೆಟ್ಟವನು, ಪಟ್ಟಣಕ್ಕೆ ಹೋದ ಮಕ್ಕಳು ಮನೆತನದ ಮೂಲಮನೆಯಾದ ಐನ್‌ಮನೆಗೆ ಬರುವುದು ಕಡಿಮೆಯಾಯಿತೆಂದು ಒಳಗೇ ನೊಂದವನು. ಇಂಥವರು ಕೊಡಗಿನ ಪ್ರತಿ ಊರಿನಲ್ಲೂ ಸಿಗುತ್ತಾರೆ, ತೆರೆಯ ಮೇಲೆ ಮಾತ್ರ ಇನ್ನೂ ಬಂದಿಲ್ಲ.

ಅಲ್ಲಿಯವರೆಗೆ, ಕುಲಶೇಖರನನ್ನಷ್ಟೇ ನೋಡಿದವರು ‘ಮರ್ದ್ ಕೋ ದರ್ದ್ ನಹೀ ಹೋತಾ’ದಿಂದ ಆರಂಭಿಸಬಹುದು. ಆಮೇಲೆ ಏಳು ಕಂತಿನ ‘ಗನ್ಸ್ ಅಂಡ್ ಗುಲಾಬ್ಸ್’. ಅದು ಮುಗಿದ ಮೇಲೆ, ಸಾಕಷ್ಟು ಬಿಡುವು ಮಾಡಿಕೊಂಡು, ಎಂಟು ಕಂತಿನ ‘ದಹಾಡ್’.