ಒಂದೇ ಮದ್ದು, ಒಬ್ಬರಿಗೆ ಮಾತ್ರ ತಲೆಸುತ್ತು ಏಕೆ?

ಪ್ರಶ್ನೆ: ಬ್ರಹ್ಮಾವರದ ನಮ್ಮ ಗದ್ದೆಗೆ ನಾನೂ ತಮ್ಮನೂ ಒಟ್ಟಿಗೆ ಕ್ಲೋರ್‌ಪೈರಿಫಾಸ್ ಕೀಟನಾಶಕ ಹೊಡೆದೆವು. ಅವನಿಗೆ ಮಾತ್ರ ತಲೆಸುತ್ತು, ವಾಂತಿ. ಅವನ ಮೈ ಬೇರೆಯೇ?

ಉತ್ತರ: ಬೇರೆ ಇರಬಹುದು. ಮೈಗೆ ತಾಗಿದ ಮದ್ದಿನ ಪ್ರಮಾಣವೇ ಬೇರೆಯಾಗಿತ್ತೋ ಎಂದು ಮೊದಲು ನೋಡಬೇಕು; ಗಾಳಿಯ ದಿಕ್ಕು, ಸೋರುವ ಪಂಪು, ಒದ್ದೆಯಾದ ಅಂಗಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆಮೇಲೆ ವಂಶವಾಹಿ. ಕ್ಲೋರ್‌ಪೈರಿಫಾಸನ್ನು ನಮ್ಮ ಲಿವರೇ ಇನ್ನಷ್ಟು ಉಗ್ರವಾದ ‘ಆಕ್ಸಾನ್’ ರೂಪಕ್ಕೆ ತಿರುಗಿಸುತ್ತದೆ. ನರಗಳ ಸಂದೇಶ ಕೆಡಿಸುವುದು ಅದೇ. ಅದನ್ನು ಒಡೆದುಹಾಕುವ ಕಿಣ್ವ ಪ್ಯಾರಾಆಕ್ಸೊನೇಸ್. ಅದರ ವಂಶವಾಹಿಯ ಹೆಸರು ಪಿಒಎನ್-1. ಈ ಕಿಣ್ವದ 192ನೇ ಸ್ಥಾನದ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ ಕೆಲಸದ ವೇಗ ಬದಲಾಗುತ್ತದೆ. ರಕ್ತದಲ್ಲಿ ಕಿಣ್ವದ ಮಟ್ಟವೂ ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಪಟ್ಟಿಗೂ ಮೀರಿ ಏರುಪೇರಾಗಬಹುದು. ಒಡಹುಟ್ಟಿದವರಲ್ಲೂ ಹೀಗೆ. ಹಸುಗೂಸುಗಳಲ್ಲಂತೂ ಅದು ತೀರಾ ಕಡಿಮೆ, ಮದ್ದು ಹೊಡೆದ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಲೇಬೇಡಿ.

ಆದರೆ ‘ಅವನ ಮೈಯೇ ಸೂಕ್ಷ್ಮ’ ಎಂದು ವಿಷವನ್ನು ಬಿಟ್ಟು ಮನುಷ್ಯನನ್ನು ದೂರುವುದು ಅನ್ಯಾಯ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕಕ್ಕೆ 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿದ್ದು ಜನರ ವಂಶವಾಹಿ ಪರೀಕ್ಷಿಸಿಯಲ್ಲ. ತಮ್ಮನನ್ನು ಇನ್ನು ಮದ್ದು ಹೊಡೆಯಲು ಕಳಿಸಬೇಡಿ. ನೀವೂ ಕೈಗವಸು, ಮುಖಗವಸು ಬಿಡಬೇಡಿ. ಮತ್ತೆ ತಲೆ ತಿರುಗಿದರೆ ಬಟ್ಟೆ ಕಳಚಿ, ಸೋಪಿನಲ್ಲಿ ಮೈ ತೊಳೆದು, ಡಬ್ಬಿಯ ಲೇಬಲ್ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ.